ಪ್ರಾರ್ಥನೆಯ ಮರೆಯಲ್ಲಿ ಅಡಗಿದ ಗೆಳೆಯರು

ಸಭೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾಗುವುದೇ ತಡ, ವಾಟ್ಸಾಪ್ ಗುಂಪಿನಲ್ಲಿ ಮುಗಿದ ಕೈಗಳು ಸಾಲುಗಟ್ಟುತ್ತವೆ. ‘ಪ್ರಾರ್ಥನೇಲಿ ನೆನೆಸ್ತೀವಿ ಬ್ರದರ್’, ‘ಧೈರ್ಯವಾಗಿರಿ ಸಿಸ್ಟರ್’. ಮೂರನೇ ಭಾನುವಾರದ ಹೊತ್ತಿಗೆ ಆ ಹೆಸರು ಪ್ರಾರ್ಥನೆಯ ಪಟ್ಟಿಯಲ್ಲಿ ಕೆಳಗಿಳಿದಿರುತ್ತದೆ, ಆಮೇಲೆ ಪಟ್ಟಿಯಲ್ಲೇ ಇರುವುದಿಲ್ಲ. ನೆನೆಸುತ್ತೇವೆ ಎಂದವರಲ್ಲಿ ಎಷ್ಟು ಮಂದಿ ಆ ರಾತ್ರಿ ನಿಜವಾಗಿ ಮೊಣಕಾಲೂರಿದರು ಎಂದು ನಾನು ಕೇಳುವುದಿಲ್ಲ. ಎಷ್ಟು ಮಂದಿ ಆ ಮನೆಯ ಬಾಗಿಲು ತಟ್ಟಿದರು ಎಂದು ಮಾತ್ರ ಕೇಳುತ್ತೇನೆ.

ನನ್ನ ತಕರಾರು ಪ್ರಾರ್ಥನೆಯ ಮೇಲಲ್ಲ. ಹೋಗದೆ ಉಳಿಯಲು ಅದನ್ನು ನೆಪ ಮಾಡಿಕೊಂಡ ನಮ್ಮ ಸೋಮಾರಿತನದ ಮೇಲೆ. ಹಸಿದವನನ್ನು ಬಾಯಿತುಂಬ ಹರಸಿ ಬರಿಗೈಯಲ್ಲಿ ಕಳಿಸುವ ಭಕ್ತರನ್ನು ಯಾಕೋಬ ತನ್ನ ಪತ್ರದಲ್ಲಿ ಯಾವತ್ತೋ ಹಿಡಿದು ನಿಲ್ಲಿಸಿದ್ದಾನೆ. ಆ ಅಧ್ಯಾಯದ ಮೇಲೆ ಪ್ರಸಂಗ ಕೇಳಿ ತಲೆದೂಗುತ್ತೇವೆ, ಊಟಕ್ಕೆ ತಡವಾಯಿತೆಂದು ಮನೆಗೆ ಓಡುತ್ತೇವೆ.

ತಿಮೊಥೆಗೆ ಬರೆದ ಎರಡನೇ ಪತ್ರದಲ್ಲಿ ಒಂದು ಹೆಸರಿದೆ, ಒನೇಸಿಫೊರ. ಎಫೆಸದಲ್ಲಿ ಸೇವೆ ಮಾಡಿದವನು. ಪೌಲ ರೋಮಿನಲ್ಲಿ ಬೇಡಿ ತೊಟ್ಟು ಕೂತಿದ್ದ. ಆಸ್ಯ ಸೀಮೆಯವರೆಲ್ಲ ಅವನ ಕೈಬಿಟ್ಟಿದ್ದರು. ಅಂದಿನ ಸೆರೆವಾಸ ಎಂಥದ್ದೆಂದು ನಾವು ಯೋಚಿಸುವುದೇ ಇಲ್ಲ. ಸೆರೆಯಾಳಿನ ಊಟ, ಬಟ್ಟೆ, ಹೊದಿಕೆ ಬಹುಪಾಲು ಹೊರಗಿನವರು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ಪತ್ರದ ಕೊನೆಗೆ ಪೌಲ ಕೇಳುವುದು ಏನು? ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ, ಪುಸ್ತಕಗಳು, ಮತ್ತು ಚಳಿಗಾಲಕ್ಕೆ ಮೊದಲೇ ತಿಮೊಥೆಯ ಬರವು. ಅಪೊಸ್ತಲನಿಗೂ ಚಳಿಯಾಗುತ್ತದೆ, ಒಂಟಿತನ ಕಾಡುತ್ತದೆ. ಹತ್ತು ಲಕ್ಷದಷ್ಟು ಜನರಿದ್ದರೆಂದು ಇತಿಹಾಸಕಾರರು ಅಂದಾಜಿಸುವ ಆ ಊರಿನಲ್ಲಿ ಒನೇಸಿಫೊರ ವಿಚಾರಿಸಿ, ಹುಡುಕಿ, ಪೌಲನ ಬಳಿಗೆ ಹೋದ. ಹೀಗೆ ಕೈದಿಯೊಬ್ಬನನ್ನು ಕೇಳುತ್ತ ತಿರುಗುವವನ ಮೇಲೂ ಕಾವಲುಗಾರರ ಕಣ್ಣು ಬೀಳುತ್ತದೆ ಎಂಬುದು ಅವನಿಗೆ ತಿಳಿಯದ್ದೇನಲ್ಲ. ನಮಗೆ ವಾರ್ಡ್ ನಂಬರು, ಹಾಸಿಗೆ ನಂಬರು, ಭೇಟಿಯ ಸಮಯ, ಗೂಗಲ್ ನಕ್ಷೆ ಎಲ್ಲ ಫೋನಿಗೇ ಬರುತ್ತವೆ. ಆದರೂ ‘ಟ್ರಾಫಿಕ್ ನೋಡಿ’ ಎನ್ನುತ್ತೇವೆ.

ಹೋದವರ ಕಥೆ ಇನ್ನೊಂದು ಬಗೆ. ಯೋಬನ ಮೂವರು ಗೆಳೆಯರನ್ನು ಬೈಯುವುದು ನಮಗೆ ರೂಢಿ. ನನ್ನನ್ನು ಕೇಳಿದರೆ ಅವರು ನಮಗಿಂತ ಎಷ್ಟೋ ವಾಸಿ. ದೂರದಿಂದ ಬಂದರು, ಅತ್ತರು, ಏಳು ಹಗಲು ಏಳು ರಾತ್ರಿ ಅವನೊಂದಿಗೆ ತುಟಿಬಿಚ್ಚದೆ ನೆಲದ ಮೇಲೆ ಕೂತರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ನಾವು ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆಯುತ್ತೇವೆ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು: ‘ನಂಬಿಕೆ ಸಾಲದು’, ‘ಮನೆಯಲ್ಲಿ ಅರಿಕೆ ಮಾಡದ ಪಾಪ ಏನೋ ಇರಬೇಕು’, ‘ದಶಮಾಂಶ ಸರಿಯಾಗಿ ಕೊಡ್ತಿದ್ದೀರಾ?’ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ‘ದೇವರಿಗೆ ಹೂ ಬೇಕಿತ್ತು’ ಎನ್ನುವ ಬಾಯಿಯೂ ನಮ್ಮಲ್ಲಿದೆ. ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗಿದ್ದು ಹುಣ್ಣಿನಲ್ಲಿ ನರಳುತ್ತ ದೇವರೊಂದಿಗೇ ವಾದಕ್ಕಿಳಿದವನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಕೊನೆಗೆ ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಕಾಯಿಲೆ ಮೈಯದ್ದಾದರೆ ಇಷ್ಟಾದರೂ ಉಂಟು. ಮನಸ್ಸಿನದಾದರೆ ಸಭೆಯೇ ಮುಖ ತಿರುಗಿಸುತ್ತದೆ. ಇಲ್ಲಿ ಜಾನ್ ನ್ಯೂಟನ್ ನೆನಪಾಗುತ್ತಾನೆ. ‘ಅಮೇಜಿಂಗ್ ಗ್ರೇಸ್’ ಬರೆದವನು. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದ ಈತನನ್ನು ಸಂತ ಮಾಡಲು ನಾನು ಹೊರಟಿಲ್ಲ. ಆದರೆ 1764ರಿಂದ ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನಲ್ಲಿ ಪಾದ್ರಿಯಾಗಿದ್ದಾಗ ಅವನು ಮಾಡಿದ್ದೊಂದು ಕೆಲಸ ನಮ್ಮನ್ನು ನಾಚಿಸಬೇಕು. ಕವಿ ವಿಲಿಯಂ ಕೂಪರ್ 1767ರಲ್ಲಿ ಅಲ್ಲಿಗೆ ಬಂದು ನೆರೆಯವನಾದ. ಇಬ್ಬರೂ ಸೇರಿ ಕೀರ್ತನೆ ಕಟ್ಟತೊಡಗಿದರು. 1773ರ ಹೊಸ ವರ್ಷದ ದಿನದ ಪ್ರಸಂಗಕ್ಕೆಂದು ನ್ಯೂಟನ್ ಆ ಪ್ರಸಿದ್ಧ ಕೀರ್ತನೆ ಬರೆದ ಎನ್ನುತ್ತಾರೆ. ಅದೇ ಜನವರಿಯಲ್ಲಿ ಕೂಪರನ ಮನಸ್ಸು ಕುಸಿದುಬಿತ್ತು. ದೇವರು ತನ್ನನ್ನು ಶಾಶ್ವತವಾಗಿ ತಳ್ಳಿಬಿಟ್ಟಿದ್ದಾನೆ ಎಂಬ ನಂಬಿಕೆ ಅವನಲ್ಲಿ ಬೇರೂರಿತು. ಏಪ್ರಿಲಿನಲ್ಲಿ ಪಾದ್ರಿಯ ಮನೆಗೆ ಬಂದವನು ತನ್ನ ಮನೆಗೆ ಮರಳಲು ಒಪ್ಪಲೇ ಇಲ್ಲ. ಒಂದು ವರ್ಷಕ್ಕೂ ಮಿಕ್ಕಿ ಅಲ್ಲೇ ಉಳಿದ. ಆ ನಡುವೆ ಪ್ರಾಣ ಕಳೆದುಕೊಳ್ಳಲೂ ನೋಡಿದ. ಮೇರಿ ಅನ್ವಿನ್ ಎಂಬಾಕೆ ಹಗಲಿರುಳು ಅವನನ್ನು ನೋಡಿಕೊಂಡಳು, ನ್ಯೂಟನ್ ದಂಪತಿ ಮನೆ ಬಿಟ್ಟುಕೊಟ್ಟರು.

ಗಮನಿಸಿ, ಕೂಪರ್ ವಾಸಿಯಾಗಿ ಸಾಕ್ಷಿ ಹೇಳಲಿಲ್ಲ. ಕಾವ್ಯಕ್ಕೆ ಮರಳಿದ, ಹೆಸರು ಗಳಿಸಿದ, ಆದರೆ ಆರಾಧನೆಗೆ ಮತ್ತೆ ಕಾಲಿಡಲಿಲ್ಲ. 1800ರಲ್ಲಿ ಸಾಯುವವರೆಗೂ ಆ ಭಯ ಬಿಡಲಿಲ್ಲ. ನಮ್ಮ ಲೆಕ್ಕದಲ್ಲಿ ಇದು ಸೋತ ಪ್ರಾರ್ಥನೆ, ವೇದಿಕೆಗೆ ಬಾರದ ಕಥೆ. ನ್ಯೂಟನ್ ಮಾತ್ರ 1780ರಲ್ಲಿ ಲಂಡನ್ನಿಗೆ ಹೋದ ಮೇಲೂ ಅವನಿಗೆ ಬರೆಯುತ್ತಲೇ ಇದ್ದ. ನಮ್ಮಲ್ಲಾದರೆ ಮೂರು ಉಪವಾಸ ಪ್ರಾರ್ಥನೆ, ಒಂದು ದೆವ್ವ ಬಿಡಿಸುವ ಕೂಟ, ಆಮೇಲೆ ‘ಅವರು ಸ್ವಲ್ಪ ಹಾಗೇ ಬಿಡಿ’ ಎಂಬ ತೀರ್ಪು. ಬೇಗ ಗುಣವಾಗದವನ ಗೆಳೆತನ ನಮಗೆ ಭಾರ.

ಇನ್ನೂ ಚುಚ್ಚುವ ಮಾತಿದೆ. ಕಷ್ಟದ ಮನೆಗೆ ಬೆಳಗಿನ ಇಡ್ಲಿ ತಂದಿಡುವುದು, ಮಕ್ಕಳನ್ನು ಶಾಲೆಯಿಂದ ಕರೆತರುವುದು ಎಷ್ಟೋ ಸಲ ಪಕ್ಕದ ಮನೆಯ ಹಿಂದೂ ಇಲ್ಲವೇ ಮುಸ್ಲಿಂ ಹೆಂಗಸು. ಒಳ್ಳೆಯ ಸಮಾರ್ಯದವನ ಕಥೆಯನ್ನು ಭಾನುವಾರ ಶಾಲೆಯಲ್ಲಿ ಬಣ್ಣ ತುಂಬಿ ಕಲಿತ ನಾವು ದಾರಿಯ ಆಚೆ ಬದಿಯಲ್ಲಿ ಹಾದುಹೋಗುತ್ತೇವೆ. ಕೈಯಲ್ಲಿ ಸತ್ಯವೇದ ಬೇರೆ.

ಇದನ್ನು ಓದಿದ ಉತ್ಸಾಹದಲ್ಲಿ ಸಾಂತ್ವನ ಸಮಿತಿ ರಚಿಸಲು ಹೊರಡಬೇಡಿ. ಅಧ್ಯಕ್ಷ, ಕಾರ್ಯದರ್ಶಿ, ಬ್ಯಾನರು, ಉದ್ಘಾಟನೆಗೆ ಬಿಷಪ್ಪರು, ಅಲ್ಲಿಗೆ ಮುಗಿಯಿತು. ನಿಮ್ಮ ಸಭೆಯಲ್ಲೇ ಒಬ್ಬರು ಡಯಾಲಿಸಿಸ್‌ಗೆ ಹೋಗುತ್ತಿರಬಹುದು. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯಷ್ಟು ಹೊತ್ತು. ಅವರೊಡನೆ ಹೋಗುವ ಮಗಳ ಕೆಲಸ ಇಷ್ಟರಲ್ಲೇ ಹೋಗಬಹುದು. ನಿಮ್ಮ ಹತ್ತಿರ ಕಾರಿದೆ, ಮಂಗಳವಾರ ಬಿಡುವಿದೆ. ಸಭಾಪಾಲಕರ ಅಪ್ಪಣೆಗೆ ಕಾಯದೆ ಆ ಮಗಳಿಗೆ ಫೋನ್ ಮಾಡಿ, ಎಷ್ಟು ಗಂಟೆಗೆ ಬರಲಿ ಎಂದು ಕೇಳಿ. ಮುಂದಿನ ಮಂಗಳವಾರವೂ ಕೇಳಿ.