ಫೋಟೊದ ಪೂರ್ವಾಪರ

2017ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಪಾಕಿಸ್ತಾನದ ಪ್ರತಿನಿಧಿ ಮಲೀಹಾ ಲೋಧಿ, ಮುಖದ ತುಂಬ ಗಾಯಗಳಿದ್ದ ಯುವತಿಯೊಬ್ಬಳ ಫೋಟೊ ಎತ್ತಿ ಹಿಡಿದರು. ಕಾಶ್ಮೀರದಲ್ಲಿ ಪೆಲೆಟ್ ಗುಂಡಿಗೆ ಸಿಕ್ಕವಳೆಂಬುದು ಅವರ ಮಾತಿನ ಧಾಟಿ. ಆ ಯುವತಿ ಗಾಜಾದವಳು. 2014ರಲ್ಲಿ ಆ ಚಿತ್ರ ತೆಗೆದವರು ಹೈಡಿ ಲೆವಿನ್. ಅದನ್ನು ಯಾರೂ ತಿದ್ದಿರಲಿಲ್ಲ. ಗಾಯ ನಿಜ, ನೋವು ನಿಜ, ಊರು ಮಾತ್ರ ಸುಳ್ಳು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಫೋಟೊ ನಂಬುವಂತಿಲ್ಲ ಎಂದು ಹಲುಬುವವರು ಇದನ್ನು ಮರೆಯುತ್ತಾರೆ. ನಾವು ನಂಬುತ್ತಿದ್ದುದು ಯಾವತ್ತೂ ಬರೀ ಚಿತ್ರವನ್ನಲ್ಲ, ಅದಕ್ಕೆ ಜವಾಬು ಹೇಳುವ ಮನುಷ್ಯರನ್ನು.

ತಿದ್ದಿದ ಚಿತ್ರದ ಕಥೆಯೂ ಬೇರೆಯಲ್ಲ. 2023ರ ಮೇ 28ರಂದು ದೆಹಲಿಯಲ್ಲಿ ಪ್ರತಿಭಟನಾನಿರತ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ಪಡೆದಾಗ, ವ್ಯಾನಿನೊಳಗೆ ವಿನೇಶ್ ಮತ್ತು ಸಂಗೀತಾ ಫೋಗಟ್ ನಗುತ್ತ ಕುಳಿತ ಸೆಲ್ಫಿ ಹರಿದಾಡಿತು. ಮೂಲ ಚಿತ್ರದಲ್ಲಿ ನಗುವಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೈಚಳಕ ತಿಳಿಯುತ್ತಿತ್ತು. ಮೂಲವೇ ಇಲ್ಲದಿದ್ದರೆ ವಾದ ಇವತ್ತಿಗೂ ನಡೆಯುತ್ತಿತ್ತೇನೋ.

ಚಿತ್ರದ ಅಸಲಿತನ ಪರೀಕ್ಷಿಸಲು ಕಾನೂನಿದೆಯಲ್ಲ ಎನ್ನಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ನ್ಯಾಯಾಲಯಕ್ಕೆ ಕೊಡುವ ಡಿಜಿಟಲ್ ದಾಖಲೆಯ ಜತೆ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ, ಅಂದರೆ ಆ ಕಡತದಿಂದಲೇ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆಯೂ ಇರಬೇಕು. ಕಡತದಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಒಳ್ಳೆಯ ಏರ್ಪಾಡು. ಆದರೆ ಲೆಕ್ಕ ಹಾಕಿದ ಗಳಿಗೆಯಿಂದೀಚೆಗೆ ಕಡತವನ್ನು ಯಾರೂ ಮುಟ್ಟಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಅದಕ್ಕೂ ಮೊದಲು ಏನಾಯಿತು ಎಂಬುದಕ್ಕೆ ಅದು ಮೂಕಸಾಕ್ಷಿಯೂ ಅಲ್ಲ. ಗಾಜಾದ ಚಿತ್ರ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ತೆಗೆದವರು ಯಾರು, ಎಲ್ಲಿ, ಯಾವಾಗ ಎಂಬುದನ್ನು ಕಟಕಟೆಯಲ್ಲಿ ನಿಂತು ಪಾಟೀಸವಾಲು ಎದುರಿಸಿ ಹೇಳುವವರು ಆಗಲೂ ಬೇಕೇ ಬೇಕು.

ಇಷ್ಟೆಲ್ಲ ಕೇಳಿದರೆ ನಷ್ಟ ಬಡವನಿಗೇ ಎಂಬ ಆಕ್ಷೇಪ ಹಗುರವಾದುದಲ್ಲ. ಲಾಠಿ ಏಟನ್ನು ಮೊಬೈಲಿನಲ್ಲಿ ಸೆರೆಹಿಡಿದ ಕೂಲಿಯವನ ಚಿತ್ರವನ್ನು ‘ಎಐ ಮಾಡಿದ್ದು’ ಎಂದು ತಳ್ಳಿಹಾಕುವುದು ಬಲಾಢ್ಯರಿಗೆ ಈಗ ಸುಲಭ. ಹಾಗೆಂದು ಪೂರ್ವಾಪರ ಕೇಳುವುದನ್ನೇ ಬಿಟ್ಟರೆ ಅವನ ಚಿತ್ರವೂ ಸುಳ್ಳುಗಾರನ ಚಿತ್ರವೂ ಒಂದೇ ತಕ್ಕಡಿಗೆ ಬೀಳುತ್ತವೆ. ಪೂರ್ವಾಪರ ಅವನ ಕೈಯಲ್ಲೇ ಇದೆ: ತೆಗೆದ ಫೋನು, ಅದರೊಳಗಿನ ಮೂಲ ಕಡತ, ಜತೆಗಿದ್ದವರ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಜಾಗದ ವಿವರ ಅಳಿಸಿಹೋಗುತ್ತದೆ. ಆದ್ದರಿಂದ ಅಂಥದ್ದೇನಾದರೂ ನಿಮ್ಮ ಕಣ್ಣೆದುರು ನಡೆದರೆ, ಹತ್ತು ಜನರಿಗೆ ಕಳಿಸಿದ ಮೇಲೂ ಫೋನಿನಲ್ಲಿರುವ ಮೂಲವನ್ನು ದಯವಿಟ್ಟು ಅಳಿಸಬೇಡಿ.