ಒಂದು ಬೆಳಗಿನ ಬೀದಿ ವರ್ಷವಿಡೀ ಸಿಗಲಿ

ಬೆಂಗಳೂರಿನ ರಾಜಬೀದಿಗಳು ವರ್ಷಕ್ಕೊಮ್ಮೆ, ಕೆಲವೇ ಗಂಟೆಗಳ ಮಟ್ಟಿಗೆ, ವಾಹನಗಳ ಹಿಡಿತದಿಂದ ಬಿಡುಗಡೆ ಪಡೆಯುತ್ತವೆ. 2008ರಲ್ಲಿ ಆರಂಭವಾದ ವಿಶ್ವ 10 ಕೆ ಓಟದ ಭಾನುವಾರ ಅದು. ಮೊದಲೆಲ್ಲ ಮೇ ತಿಂಗಳಲ್ಲಿ ನಡೆಯುತ್ತಿದ್ದ ಈ ಓಟ 2024 ಮತ್ತು 2025ರಲ್ಲಿ ಏಪ್ರಿಲ್ ಕೊನೆಯ ಭಾನುವಾರ ನಡೆಯಿತು. ದಂಡು ಪ್ರದೇಶದ ನಮ್ಮಂಥ ನಿವಾಸಿಗಳಿಗೆ ಇದು ಕ್ರೀಡೆಗಿಂತ ಹೆಚ್ಚಾಗಿ ಮನೆಯ ಬಾಗಿಲಿಗೇ ಬರುವ ಜಾತ್ರೆ.

ಪ್ರತಿಷ್ಠಿತ ಓಟಗಾರರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಣ್ಮರೆಯಾಗುತ್ತಾರೆ. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೇಲಿ 27 ನಿಮಿಷ 38 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ್ದರು. ಅಷ್ಟು ದೂರ ಕ್ರಮಿಸಲು ವಾರದ ದಿನಗಳಲ್ಲಿ ನಮ್ಮ ಕಾರುಗಳಿಗೂ ಅಷ್ಟು ಹೊತ್ತು ಸಾಲದು! ಆದರೆ ನೋಡುಗರು ಕಾಯುವುದು ‘ಮಜ್ಜಾ ರನ್’ಗಾಗಿ. ಯಕ್ಷಗಾನದ ಕಿರೀಟ ತೊಟ್ಟವರು, ಕೋಲು ಹಿಡಿದ ಗಾಂಧಿ, ಮೈತುಂಬ ಎಲೆ ಕಟ್ಟಿಕೊಂಡು ಮರವಾದವರು, ಕೆರೆ ಉಳಿಸಿ ಎಂಬ ಫಲಕ ಹೊತ್ತವರು ನಗುತ್ತ ಸಾಗುತ್ತಾರೆ. ಅಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ.

ಇದನ್ನು ಕಾರ್ಪೊರೇಟ್ ಸಂಸ್ಕೃತಿಯ ಆಮದು ಎಂದು ಮೂಗು ಮುರಿಯುವವರಿದ್ದಾರೆ. ಪ್ರಾಯೋಜಕರ ಫಲಕಗಳ ಅಬ್ಬರ ಸುಳ್ಳಲ್ಲ. ಆದರೆ ವೇಷ ಕಟ್ಟಿ ಬೀದಿಗಿಳಿಯುವುದು ಈ ನೆಲಕ್ಕೆ ಹೊಸದೇ? ಹಗಲುವೇಷದವರು ಮನೆಮನೆಯ ಮುಂದೆ ನಿಂತು ಊರಿನ ಡೊಂಕನ್ನು ಆಡಿ ತೋರಿಸುತ್ತಿದ್ದರು. ಇದೇ ನಗರದ ಕರಗ ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಟು, ಮಸ್ತಾನ್ ಸಾಹೇಬರ ದರ್ಗಾಕ್ಕೂ ಭೇಟಿಯಿತ್ತು, ಪೇಟೆಯ ಗಲ್ಲಿಗಳನ್ನೆಲ್ಲ ಸುತ್ತುತ್ತದೆ. ಬೀದಿ ಎಂಬುದು ಹಾದುಹೋಗುವ ದಾರಿ ಮಾತ್ರವಲ್ಲ, ಊರಿನ ಜನ ಪರಸ್ಪರ ಮುಖ ನೋಡಿಕೊಳ್ಳುವ ಅಂಗಳವೂ ಹೌದು ಎಂಬ ತಿಳಿವಳಿಕೆ ಅಲ್ಲಿದೆ. ಮಜ್ಜಾ ರನ್ ಅದನ್ನೇ ಬೇರೊಂದು ಉಡುಪಿನಲ್ಲಿ ನೆನಪಿಸುತ್ತದೆ.

ನಿವಾಸಿಗಳ ಅಹವಾಲುಗಳನ್ನೂ ತಳ್ಳಿಹಾಕುವಂತಿಲ್ಲ. ಮುಂಜಾನೆ ಹಾಲು, ಔಷಧಿಗೆ ಹೊರಡುವವರು, ಪಾಳಿ ಮುಗಿಸಿ ಮರಳುವ ದಾದಿಯರು ಬ್ಯಾರಿಕೇಡುಗಳ ಮುಂದೆ ಕಾಯಬೇಕಾಗುತ್ತದೆ. ಓಟ ಮುಗಿದ ಮೇಲೆ ಉಳಿದ ನೀರಿನ ಬಾಟಲಿಗಳನ್ನು ಬಳಿಯುವವರು ಯಥಾಪ್ರಕಾರ ಪೌರಕಾರ್ಮಿಕರೇ. ಆಂಬುಲೆನ್ಸ್‌ಗೆ ದಾರಿ, ರಸ್ತೆ ದಾಟಲು ನಿಗದಿತ ಜಾಗ, ತಾವು ಮಾಡಿದ ಕಸಕ್ಕೆ ತಾವೇ ಹೊಣೆ – ಈ ಮೂರನ್ನು ಸಂಘಟಕರಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.

ನಿಜವಾದ ವಿಷಾದ ಬೇರೆಯೇ ಇದೆ. ಬ್ಯಾರಿಕೇಡುಗಳು ಸರಿದ ಕೆಲವೇ ನಿಮಿಷಗಳಲ್ಲಿ, ಹಿರಿಯರ ಓಟದಲ್ಲಿ ಚಪ್ಪಾಳೆ ಗಿಟ್ಟಿಸಿದ ವೃದ್ಧೆಯೇ ಅದೇ ರಸ್ತೆಯನ್ನು ದಾಟಲಾಗದೆ ನಿಲ್ಲುತ್ತಾರೆ. ಅಂಗವಿಕಲರಿಗೆಂದೇ ಪ್ರತ್ಯೇಕ ಓಟ ಏರ್ಪಡಿಸುವ ನಗರದಲ್ಲಿ, ಮರುದಿನ ಗಾಲಿಕುರ್ಚಿ ಉರುಳಿಸಲು ನೂರು ಗಜದಷ್ಟು ಸಮತಟ್ಟಾದ ಪಾದಚಾರಿ ಮಾರ್ಗ ಸಿಗುವುದು ದುರ್ಲಭ. ಎಲ್ಲಿ ಮಾರ್ಗವಿದೆಯೋ ಅಲ್ಲಿ ಟ್ರಾನ್ಸ್‌ಫಾರ್ಮರ್, ಕಿತ್ತ ಚಪ್ಪಡಿ, ಇಲ್ಲವೇ ಏರಿ ಬಂದ ದ್ವಿಚಕ್ರ ವಾಹನ.

ಪರಿಹಾರ ನಮಗೆ ಗೊತ್ತಿಲ್ಲದ್ದೇನಲ್ಲ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳನ್ನು ಟೆಂಡರ್ ಶ್ಯೂರ್ ಯೋಜನೆಯಡಿ ಅಗಲವಾದ ಪಾದಚಾರಿ ಮಾರ್ಗಗಳೊಂದಿಗೆ ಮರುರೂಪಿಸಲಾಯಿತು. 2020ರ ನವೆಂಬರಿನಿಂದ ಕೆಲಕಾಲ ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟ್‌ಗೆ ವಾಹನ ಪ್ರವೇಶ ನಿಷೇಧಿಸಲಾಗಿತ್ತು. ಪಾದಚಾರಿ ಮಾರ್ಗದ ಬಳಕೆ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಗರದ ಆಡಳಿತವನ್ನು ಐದು ಪಾಲಿಕೆಗಳಿಗೆ ಹಂಚಲಾಗಿದೆ. ಪ್ರತಿ ಪಾಲಿಕೆಯೂ ತಿಂಗಳಿಗೊಂದು ಭಾನುವಾರ ಒಂದು ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡಲಿ. ವರ್ಷಕ್ಕೆ ಕೆಲವಾದರೂ ರಸ್ತೆಗಳ ಪಾದಚಾರಿ ಮಾರ್ಗವನ್ನು ತುದಿಯಿಂದ ತುದಿಗೆ ದುರಸ್ತಿಗೊಳಿಸಲಿ.

ಒಂದು ಬೆಳಗಿನ ಓಟಕ್ಕಾಗಿ ಪೊಲೀಸರು, ಪಾಲಿಕೆ, ಸ್ವಯಂಸೇವಕರು ಒಗ್ಗೂಡಿ ದುಡಿಯಬಲ್ಲರು ಎಂಬುದು ಸಾಬೀತಾಗಿದೆ. ಇಚ್ಛಾಶಕ್ತಿಯಿದ್ದರೆ ಬೀದಿ ತೆರವಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಓಡುವವರಿಗೆ ದೊರೆತ ಈ ಮರ್ಯಾದೆ, ಸೋಮವಾರ ಬೆಳಿಗ್ಗೆ ಶಾಲೆಯ ಚೀಲ ಹೊತ್ತು ನಡೆಯುವ ಮಗುವಿಗೂ ದೊರೆಯಬೇಕು.