ತುಟಿ ಕೂಡಲಿಲ್ಲ, ಮಾತು ತಾಗಿತು!

ಮಂಡ್ಯದ ಓದುಗರೊಬ್ಬರು ಕಾರ್ಡು ಬರೆದು ನನ್ನ ಜುಟ್ಟು ಹಿಡಿದಿದ್ದಾರೆ. ‘ಸ್ವಾಮೀ, ಡಬ್ಬಿಂಗ್ ಅಂದ್ರೆ ಉರಿದು ಬೀಳ್ತಿದ್ದ ತಾವು ಈಚೆಗೆ ತೆಪ್ಪಗಿದ್ದೀರಲ್ಲ, ಏನು ಸಮಾಚಾರ?’

ಸಮಾಚಾರ ಇದೆ ಮಿತ್ರರೇ. ಇವತ್ತು ಹೇಳಿಬಿಡುತ್ತೇನೆ.

ನಾನು ಮದ್ದೂರಿನವನು. ಅಂಬರೀಷ್ ಹುಟ್ಟಿದ ದೊಡ್ಡರಸಿನಕೆರೆ ನಮ್ಮ ತಾಲ್ಲೂಕೇ. ಅಣ್ಣಾವ್ರಂತೂ ನಮಗೆ ಮನೆದೇವರು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಬೀದಿಗಿಳಿದು, ಅಣ್ಣಾವ್ರೂ ಜೊತೆ ನಿಂತು ಡಬ್ಬಿಂಗ್ ಓಡಿಸಿದ ಕಥೆ ಕೇಳಿಯೇ ಬೆಳೆದೆ. ಪಿಯುಸಿ ಅರ್ಧಕ್ಕೆ ಬಿಟ್ಟು ಲೇಖನಿ ಹಿಡಿದಾಗ ಮೊದಲು ಬೈದದ್ದೂ ಡಬ್ಬಿಂಗನ್ನೇ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂದರೂ ನಾನು ಮಾತ್ರ ಜಗ್ಗಲಿಲ್ಲ.

ಬಂತಲ್ಲ 2020, ಕೊರೊನಾ! ಶೂಟಿಂಗ್ ನಿಂತಿತು. ಚಾನೆಲ್‌ಗಳ ಕಣಜ ಬರಿದಾಯಿತು. ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡಿಕೊಂಡು ಬಂತು. ಹಿಂದೆಯೇ ಜುಲೈನಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್’ ಶುರುವಾಯಿತು. ಶೀರ್ಷಿಕೆ ಗೀತೆ ನಮ್ಮ ಹಂಸಲೇಖ ಅವರದು. ಮಿಕ್ಕದ್ದೆಲ್ಲ ಹೊರಗಿನ ಮಾಲು. 2019ರ ಡಿಸೆಂಬರ್‌ನಿಂದ ಹಿಂದಿಯಲ್ಲಿ ಓಡುತ್ತಿದ್ದದ್ದು.

ಬೈಯಲು ಪೆನ್ನು ಹರಿತ ಮಾಡುತ್ತಿದ್ದೆ. ಮಳವಳ್ಳಿ ಕಡೆಯ ಗೆಳೆಯ ಫೋನ್ ಮಾಡಿದ. ಪಿಯುಸಿಯಲ್ಲಿ ಒಂದೇ ಬೆಂಚು ನಾವಿಬ್ಬರೂ. ‘ಬಯ್ಯೋದಾದ್ರೆ ನೋಡ್ಬುಟ್ಟು ಬಯ್ಯಿ ಮಗಾ. ಶನಿವಾರ ನಮ್ಮೂರಿಗೆ ಬಾ.’

ಮುಖಕ್ಕೆ ಮಾಸ್ಕು ಕಟ್ಟಿ ಬಸ್ಸು ಹತ್ತಿದೆ. ಕೆ.ಎಂ. ದೊಡ್ಡಿ ದಾಟಿ, ಮಳವಳ್ಳಿಯಲ್ಲಿ ಇಳಿದು ಅವನ ಹಳ್ಳಿಗೆ ಹೋದರೆ ಊರ ಬಾಗಿಲಲ್ಲೇ ಆಳೆತ್ತರದ ಬ್ಯಾನರ್! ಹೀರೋಗಳ ಕಟೌಟಿಗೆ ಹಾಲು ಹುಯ್ದವರು ನಾವು. ಆದರೆ ಟಿವಿ ಸೀರಿಯಲ್‌ಗೆ, ಅದೂ ಡಬ್ಬಿಂಗ್ ಸೀರಿಯಲ್‌ಗೆ, ಊರ ಹುಡುಗರು ಚಂದಾ ಎತ್ತಿ ಬ್ಯಾನರ್ ಕಟ್ಟಿದ್ದನ್ನು ಕಂಡದ್ದು ಅವತ್ತೇ ಮೊದಲು. ಪ್ರಸಾರ ನಿಲ್ಲಿಸಿ ಅಂತ ಬೆದರಿಕೆ ಕರೆ ಬರುತ್ತಿವೆ ಎಂದು ಚಾನೆಲ್‌ನ ರಾಘವೇಂದ್ರ ಹುಣಸೂರು ಹೇಳಿಕೊಂಡದ್ದೂ ಆ ದಿನಗಳಲ್ಲೇ.

ಸಂಜೆ ಮನೆ ತುಂಬ ಜನ. ಹೊಸಿಲ ಮೇಲೆಲ್ಲ ಮಕ್ಕಳು. ಸೀರಿಯಲ್ ಶುರು. ನನ್ನ ಕಣ್ಣು ಹೋದದ್ದು ತಪ್ಪು ಹುಡುಕಲಿಕ್ಕೇ! ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಎಲ್ಲರೂ ಮಾತಾಡುವುದು ಪಠ್ಯಪುಸ್ತಕದ ಕನ್ನಡ. ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತೆ. ಆದರೆ ಬಾಲ ಭೀಮನಾಗಿದ್ದ ಆಯುಧ್ ಭಾನುಶಾಲಿ ಎಂಬ ಹುಡುಗನ ಕಣ್ಣಿಗೆ ಮಾತ್ರ ಡಬ್ಬಿಂಗ್ ಬೇಕಾಗಿರಲಿಲ್ಲ. ಶಾಲೆಯ ನೀರು ಮುಟ್ಟುವಂತಿಲ್ಲ, ಬಾಯಾರಿದರೆ ಬೇರೆಯವರು ಮೇಲಿನಿಂದ ಹುಯ್ಯಬೇಕು. ಅಂಬೇಡ್ಕರ್ ತಾವೇ ಬರೆದುಕೊಂಡ ಬಾಲ್ಯ ಅದು.

‘ತುಟಿಗೂ ಮಾತಿಗೂ ಕೂಡ್ತಾನೇ ಇಲ್ವಲ್ಲೋ’ ಅಂದೆ, ಗೆಳೆಯನ ಕಿವಿಯಲ್ಲಿ.

ಕೇಳಿಸಿಕೊಂಡದ್ದು ಅವನ ಅಜ್ಜಿ. ‘ಸುಮ್ಕಿರಪ್ಪಾ, ತುಟಿ ನೋಡಕ್ ಬಂದಿದ್ದೀಯಾ? ನಾನೂ ಹಿಂಗೇ ಬಾವಿತಾವ ಬಿಂದ್ಗೆ ಮಡಿಕಂಡು ನಿಂತ್ಕತಿದ್ದೆ. ನಾವು ಮುಟ್ಟಂಗಿಲ್ಲ. ಯಾರಾರ ಬಂದು ಸೇದಿ ಉಯ್ಬೇಕು. ಒಂದೊಂದಿನ ಹೊತ್ತೇ ಮುಳುಗೋಗದು.’

ನನ್ನ ಬಾಯಿ ಕಟ್ಟಿತು. ಬಾವಿಯ ಮಾತಿಗಲ್ಲ, ಲೋಟದ ನೆನಪಿಗೆ. ಪಿಯುಸಿಯಲ್ಲಿದ್ದಾಗ ಈ ಗೆಳೆಯ ಒಮ್ಮೆ ನಮ್ಮ ಮನೆಗೆ ಬಂದಿದ್ದ. ಅವನಿಗೆ ನೀರು ಸಿಕ್ಕಿದ್ದು ಜಗಲಿಯಲ್ಲಿ, ಕೂಲಿಯಾಳುಗಳಿಗೆ ಅಂತ ಬೇರೆ ಇಟ್ಟಿದ್ದ ಲೋಟದಲ್ಲಿ. ಕುಡಿದ, ತಾನೇ ತೊಳೆದು ಬೋರಲು ಹಾಕಿದ, ಹೊರಟ. ನಾನು ನೋಡುತ್ತ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಜಾಹೀರಾತು ಬಂದಾಗ ಅಜ್ಜಿ ಎಲ್ಲರಿಗೂ ಒಂದೇ ಚೊಂಬಿನಲ್ಲಿ ನೀರು ಕೊಟ್ಟರು. ನನಗೂ ಕೊಟ್ಟರು.

ಅದಿರಲಿ. ಡಬ್ಬಿಂಗ್ ವಿಷಯಕ್ಕೆ ಬರೋಣ. ನಮ್ಮ ಕಲಾವಿದರ, ಸಂಭಾಷಣೆಕಾರರ, ಲೈಟ್‌ಬಾಯ್‌ಗಳ ಅನ್ನದ ಪ್ರಶ್ನೆ ಈಗಲೂ ಹಾಗೇ ಇದೆ. ನಾನು ಪಕ್ಷಾಂತರ ಮಾಡಿಲ್ಲ. ಆದರೆ ನನ್ನದೂ ಒಂದು ಪ್ರಶ್ನೆ. 2005ರಲ್ಲಿ ಶರಣ್‌ಕುಮಾರ್ ಕಬ್ಬೂರ್ ಕನ್ನಡದಲ್ಲೇ ಅಂಬೇಡ್ಕರ್ ಚಿತ್ರ ಮಾಡಿದ್ದರು. ವಿಷ್ಣುಕಾಂತ್ ಅಂಬೇಡ್ಕರ್ ಆಗಿದ್ದರು, ತಾರಾ ರಮಾಬಾಯಿ. ನಿಮ್ಮಲ್ಲಿ ಎಷ್ಟು ಜನ ಟಿಕೆಟ್ ಕೊಂಡು ನೋಡಿದಿರಿ? ಅತ್ತೆ–ಸೊಸೆ ಜಗಳಕ್ಕೆ ಸಾವಿರ ಕಂತು ಕೊಟ್ಟವರು ನಾವು. ಬಾವಿ ಇದ್ದದ್ದು ಮಳವಳ್ಳಿ ಸೀಮೆಯಲ್ಲಿ, ಬಿಂದಿಗೆ ಹಿಡಿದು ನಿಂತವರು ನಮ್ಮ ಅಜ್ಜಿ. ಕಥೆ ಮಾತ್ರ ಹಿಂದಿಯಿಂದ ಬರಬೇಕಾಯಿತಲ್ಲ, ಯಾಕೆ?

ಆ ಅಜ್ಜಿಯ ಕಥೆಯನ್ನು ಮಂಡ್ಯದ ಮಾತಿನಲ್ಲೇ, ತುಟಿ ಕೂಡುವ ಹಾಗೆ, ನಮ್ಮವರೇ ಯಾರಾದರೂ ತೆಗೆಯಲಿ. ಅವತ್ತು ನನ್ನ ಹಳೇ ಗಂಟಲು ಮತ್ತೆ ತೆರೆಯುತ್ತೆ. ಅಲ್ಲಿಯವರೆಗೆ ನಾನು ತೆಪ್ಪಗೇ.

ಏನಂತೀರಿ?